ಮುಳ್ಳು ನಟ್ಟ ಸುದ್ದಿ

ಹಿನ್ನೀರು ಇಳಿದ ಎಂಬತ್ತೆರಡನೆಯ ವರ್ಷ, ಧೂಳಿನ ಶ್ರಾವಣ, ಅಮಾವಾಸ್ಯೆ ಕಳೆದ ಸೋಮವಾರ.
ನಿನ್ನ ಕ್ಯಾಲೆಂಡರಿನ ಪ್ರಕಾರ ಇಸವಿ ಎರಡು ಸಾವಿರದ ಇನ್ನೂರ ಹದಿನಾರು ಎಂದು ತಿಳಿದವರು ಹೇಳುತ್ತಾರೆ.

ರುಕ್ಮವ್ವ ಆಯಿಗೆ, ನಿನ್ನ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು ಬಂಗಾರೆವ್ವ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮಲ್ಲಿ ವರ್ಷಕ್ಕೆ ಎರಡು ಶ್ರಾವಣ. ಒಂದರಲ್ಲಿ ಮಳೆ ಸುರಿಯುತ್ತದೆ, ಇನ್ನೊಂದರಲ್ಲಿ ಕೆಂಪು ಧೂಳು ಸುರಿಯುತ್ತದೆ. ನಾಗಪ್ಪನಿಗೆ ಹಾಲೆರೆಯುವುದು ಮಳೆಯ ಶ್ರಾವಣದಲ್ಲಿ, ಗೋಡೆಯ ಬಿರುಕು ಮೆತ್ತುವುದು ಧೂಳಿನ ಶ್ರಾವಣದಲ್ಲಿ. ನಿನ್ನ ಕಾಲದಲ್ಲಿ ಬಾಗಲಕೋಟೆಯ ಹಳೇ ಓಣಿಗಳ ಮೇಲೆ ಹಿನ್ನೀರು ನಿಂತಿತ್ತಲ್ಲ, ಅದು ಇಳಿದುಹೋದ ಮೇಲೆ ಅಲ್ಲೇ ನಾವು ಮತ್ತೆ ಊರು ಕಟ್ಟಿಕೊಂಡೆವು; ಅಂದಿನಿಂದ ನಮ್ಮ ವರ್ಷದ ಎಣಿಕೆ ಶುರು. ಈ ಓಲೆಯಲ್ಲಿ ಬರುವ ಕೆಲವು ಶಬ್ದಗಳು ನಿನ್ನ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಮಗೆ ಅವು ಬೇಕಾದವು, ಹಾಗಾಗಿ ಹುಟ್ಟಿಕೊಂಡವು. ಬಂದ ಬಂದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ. ನಿನಗೆ ಬಹುವಚನ ಹಚ್ಚಬೇಕಿತ್ತು, ಆದರೆ ನಮ್ಮ ಮನೆಯಲ್ಲಿ ಆಯಿಯನ್ನು ನೀನು ಎನ್ನುವುದೇ ರೂಢಿ. ಅಲ್ಲದೆ ಇದನ್ನು ಓದುವ ಹೊತ್ತಿಗೆ ನೀನು ನನಗಿಂತ ಎಷ್ಟೋ ಚಿಕ್ಕವಳು. ನನಗೆ ಅರವತ್ತು ದಾಟಿದೆ, ಬಾಯಿಗೆ ಮಾತ್ರ ಇನ್ನೂ ಮುಪ್ಪು ಬಂದಿಲ್ಲ.

ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಜ್ವರದಿಂದ ನರ ಸತ್ತವರಿಗೆ ಚೂರಾದರೂ ಜೀವ ಮರಳಿದರೆ, ಅವರು ಹಿಂದಿನ ಕಾಲದ ಒಬ್ಬರಿಗೆ ಓಲೆ ಬರೆಯಬೇಕು ಎಂಬುದು ನಮ್ಮೂರ ಕಟ್ಟಳೆ. ಯಾರಿಗೆಂದರೆ, ಅಂಥದೇ ನೋವು ಉಂಡು, ಯಾರೂ ನಂಬದೆ ಹೋದವರಿಗೆ. ಬರೆದದ್ದನ್ನು ಗಡಿಗೆಯಲ್ಲಿಟ್ಟು, ಬಾಯಿಗೆ ಮಣ್ಣು ಮೆತ್ತಿ, ಹೊಳೆಯ ದಂಡೆಯಲ್ಲಿ ಹೂಳುತ್ತೇವೆ. ಅದು ತಲುಪುತ್ತದೋ ಇಲ್ಲವೋ ಆ ದೇವರೇ ಬಲ್ಲ. ಬರೆದವರ ಎದೆ ಹಗುರಾಗುವುದಂತೂ ಖರೆ.

ನಿನ್ನ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿರುವ ಮಾತು ಬಹಳ ಇಲ್ಲ. ನೀನು ಸಾಲಿಯಲ್ಲಿ ಬಿಸಿಯೂಟ ಮಾಡುತ್ತಿದ್ದೆ. ಒಂದು ಬೇಸಿಗೆಯಲ್ಲಿ ನಿನ್ನ ಎಡಪಕ್ಕೆಗೆ ಸರ್ಪಸುತ್ತು ಎದ್ದಿತು. ಕೆಮ್ಮಣ್ಣು ಹಚ್ಚಿಸಿದರು, ಹರಕೆ ಹೊತ್ತರು, ಕೊನೆಗೆ ದವಾಖಾನೆಗೂ ಕರೆದೊಯ್ದರು. ಗುಳ್ಳೆಗಳು ಒಣಗಿ ಉದುರಿದವು, ಉರಿ ಮಾತ್ರ ಉಳಿಯಿತು. ಕುಪ್ಪಸ ತಾಗಿದರೆ ಕೆಂಡ ತಾಗಿದಂತೆ ಚೀರುತ್ತಿದ್ದೆಯಂತೆ. ನಿನ್ನ ನಾದಿನಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳಂತೆ: "ಗುಳ್ಳಿ ಒಣಗ್ಯಾವ, ಚರ್ಮ ಚೊಲೋ ಆಗೈತಿ, ಇನ್ನೇನ ಉರೀತೈತಿ ಇಕಿಗೆ? ಕೆಲಸ ತಪ್ಪಸಾಕ ನಾಟಕ." ಆ ನಾದಿನಿ ನನ್ನ ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಗುಳ್ಳೆ ಚರ್ಮದ್ದು, ಉರಿ ನರದ್ದು. ರೋಗದ ಕ್ರಿಮಿ ನರದ ಬುಡದಲ್ಲಿ ಕುಳಿತು ಅದನ್ನು ಸುಟ್ಟು ಹೋಗಿರುತ್ತದೆ. ಮೇಲೆ ನೋಡಿದರೆ ಏನೂ ಕಾಣುವುದಿಲ್ಲ. ನಮ್ಮೂರಲ್ಲಿ ಇದು ಅಂಗನವಾಡಿಯ ಕೂಸಿಗೂ ಗೊತ್ತು.

ಗೊತ್ತಾದದ್ದು ಪುಣ್ಯದಿಂದಲ್ಲ, ಕಷ್ಟದಿಂದ. ನಾನು ಇನ್ನೂ ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ ಊರಿಗೆ ಬೂದಿಜ್ವರ ಬಂತು. ಜ್ವರ ಒಂದು ವಾರದ್ದು, ಅದೇನು ದೊಡ್ಡದಲ್ಲ. ಅದು ಇಳಿದ ಮೇಲೆ ಎರಡೂ ಅಂಗಾಲು ಉರಿಯತೊಡಗಿದವು. ಒಂದಿಡೀ ಮಳೆಗಾಲ ನಾನು ಕಾಲನ್ನು ನೀರಿನ ಬೋಗುಣಿಯಲ್ಲಿಟ್ಟುಕೊಂಡೇ ಕಳೆದೆ. ಆಮೇಲೆ ಉರಿ ತಾನಾಗಿ ಆರಿತು, ಅದರ ಜೊತೆಗೆ ಕಾಲೂ ಆರಿತು. ನೆಲ ತಣ್ಣಗಿದೆಯೋ ಸುಡುತ್ತಿದೆಯೋ, ಹೆಜ್ಜೆ ಮೆಟ್ಟಿಲ ಮೇಲೆ ಬಿತ್ತೋ ಬಯಲಿಗೆ ಬಿತ್ತೋ, ಒಂದೂ ತಿಳಿಯದು. ಇದಕ್ಕೆ ಕಾಲು ಬೂದಿಯಾಯಿತು ಎನ್ನುತ್ತೇವೆ. ಊರಿನ ಅರ್ಧಕ್ಕರ್ಧ ಜನ ಹೀಗಾದರು.

ಬೂದಿಗಾಲಿನವರ ಊರು ಹೇಗಿರುತ್ತದೆ ಎಂದು ನಿನಗೆ ಹೇಳಬೇಕು. ನಮ್ಮ ಹೊಸ್ತಿಲುಗಳಿಗೆಲ್ಲ ಸುಣ್ಣ ಬಳಿದಿರುತ್ತದೆ, ಏಕೆಂದರೆ ಕಾಲಿಗೆ ತಿಳಿಯದ್ದನ್ನು ಕಣ್ಣೇ ನೋಡಿ ಹೇಳಬೇಕು. ನಡೆಯುವಾಗ ಎಲ್ಲರೂ ತಲೆ ತಗ್ಗಿಸಿರುತ್ತೇವೆ. ಪರಊರಿನಿಂದ ಬಂದವರು ಎಷ್ಟು ವಿನಯದ ಜನ ಎಂದು ಹೊಗಳಿ ಹೋಗುತ್ತಾರೆ. ಸ್ನಾನದ ನೀರನ್ನು ಮೊಣಕೈಯಿಂದ ಮುಟ್ಟಿ ನೋಡದೆ ಯಾರೂ ಕಾಲಿಗೆ ಸುರಿದುಕೊಳ್ಳುವುದಿಲ್ಲ. ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈ ಹಾಕಿ ಹರಳು, ಚೇಳು ಇದೆಯೋ ಎಂದು ನೋಡುತ್ತೇವೆ. ಮತ್ತೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಪ್ರತಿಯೊಬ್ಬರೂ ತಮ್ಮ ಪಾದಜೋಡಿಯ ಮನೆಗೆ ಹೋಗುತ್ತೇವೆ.

ಪಾದಜೋಡಿ ಎಂದರೆ ನಿನ್ನ ಅಂಗಾಲನ್ನು ದಿನಾ ನೋಡುವವರು. ನೋವು ತಿಳಿಯದ ಕಾಲಿಗೆ ಗಾಜು ಹೊಕ್ಕರೂ, ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಕೀವು ಕಟ್ಟಿ ವಾಸನೆ ಬಂದಾಗಲೇ ತಿಳಿಯುವುದು. ಹಾಗಾಗಿ ಇನ್ನೊಬ್ಬರ ಕಣ್ಣು ಬೇಕು. ಮನೆಯವರ ಕಣ್ಣು ಆಗುವುದಿಲ್ಲ. ನಮ್ಮ ಯಜಮಾನರು ಒಮ್ಮೆ ನನ್ನ ಹಿಮ್ಮಡಿಯ ಗಾಯ ನೋಡಿ, ನಾನು ಹೆದರಿಯೇನು ಎಂದು "ಏನಿಲ್ಲ ಬಿಡ" ಎಂದುಬಿಟ್ಟಿದ್ದರು. ಆ 'ಏನಿಲ್ಲ' ಎರಡು ತಿಂಗಳು ನನ್ನನ್ನು ಮಂಚಕ್ಕೆ ಹಾಕಿತು. ಅಂದಿನಿಂದ ಊರವರೇ ಜೋಡಿ ಗೊತ್ತು ಮಾಡುತ್ತಾರೆ, ಬೇರೆ ಓಣಿಯವರನ್ನೇ ಕೊಡುತ್ತಾರೆ. ನನಗೆ ಸಿಕ್ಕವಳು ಚುರುಮುರಿ ಭಟ್ಟಿಯ ಮಾಬೂಬಿ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ಮೊದಲ ಸಂಜೆ ನನಗೆ ಜೀವ ಹೋದಂತಾಗಿತ್ತು. ಹಿರಿಯಳ ಮಡಿಲಲ್ಲಿ ಕಾಲಿಡುವುದೆಂದರೆ ಸಣ್ಣ ಮಾತೇ? ಆದರೆ ಅದಕ್ಕೂ ಒಂದು ಕಟ್ಟಳೆಯಿದೆ: ಇಬ್ಬರೂ ಎದುರುಬದುರು ಕೂತು ಒಂದೇ ಸಲಕ್ಕೆ ಕಾಲು ಕೊಡಬೇಕು, ಒಂದೇ ಸಲಕ್ಕೆ ತೆಗೆದುಕೊಳ್ಳಬೇಕು. ಆಗ ಅಲ್ಲಿ ಹಿರಿಯರು ಕಿರಿಯರು ಯಾರೂ ಇರುವುದಿಲ್ಲ. ಹಾಗೆ ಕೂತು ನಾವಿಬ್ಬರೂ ಊರಿನ ಮಂದಿಯನ್ನೆಲ್ಲ ಆಡಿಕೊಂಡಿದ್ದೇವೆ, ಜಗಳಾಡಿದ್ದೇವೆ, ಅತ್ತಿದ್ದೇವೆ. ಜಗಳವಾದ ದಿನವೂ ಕಾಲು ನೋಡುವುದು ತಪ್ಪಿಲ್ಲ. ನನ್ನ ಮುಖ ನೋಡದೆಯೇ ಕಾಲು ನೋಡಿದ್ದಾಳೆ ನನ್ನವ್ವ.

ನಮ್ಮೆಲ್ಲರಿಗೂ ಒಂದು ಭಯ ಇದ್ದೇ ಇದೆ. ಅದರ ಹೆಸರು ಮರುಕಿಚ್ಚು. ಎಷ್ಟೋ ವರ್ಷ ಬೂದಿಯಾಗಿದ್ದ ಕಾಲು ಒಂದು ದಿನ ಇದ್ದಕ್ಕಿದ್ದಂತೆ ನೋಯಲು ಹತ್ತಿದರೆ, ಒಳಗೆ ಅಡಗಿದ್ದ ಕ್ರಿಮಿ ಎರಡನೆಯ ಸಲ ಎದ್ದಿತು ಎಂದು ಅರ್ಥ. ಈ ಸಲ ಅದು ಕಾಲಿಗೆ ನಿಲ್ಲುವುದಿಲ್ಲ, ಕೈಗೆ ಏರುತ್ತದೆ. ನನಗೆ ಕೈ ಹೋದರೆ ಏನು ಉಳಿಯಿತು? ನಾನು ಗಡಿಗೆಗೋಡೆಯ ಮಣ್ಣು ಹದ ಮಾಡುವವಳು. ಗಡಿಗೆಗೋಡೆ ಎಂದರೆ ನೀರು ತುಂಬಿದ ಗಡಿಗೆಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟುವ ಗೋಡೆ. ಧೂಳಿನ ಶ್ರಾವಣದಲ್ಲಿ ಅದಿಲ್ಲದೆ ಮನೆಯೊಳಗೆ ಕೂರಲಾಗದು. ಮೊದಲು ಮಣ್ಣು ತುಳಿಯುತ್ತಿದ್ದೆ, ಕಾಲು ಬೂದಿಯಾದ ಮೇಲೆ ಕೈಯಿಂದ ನಾದುತ್ತಿದ್ದೇನೆ. ಅದೂ ಹೋಗಲಿ ಎಂದರೆ, ಕೈ ಸತ್ತವರು ಇನ್ನೊಬ್ಬರ ಕಾಲು ನೋಡುವಂತಿಲ್ಲ. ಜೋಡಿ ಮುರಿಯುತ್ತದೆ. ಮಾಬೂಬಿ ಅಕ್ಕನನ್ನು ಬೇರೆ ಯಾರಿಗೋ ಕೊಡುತ್ತಾರೆ.

ಈಗ ನಡೆದದ್ದು ಹೇಳುತ್ತೇನೆ ಕೇಳು. ಮಳೆ ಶ್ರಾವಣ ಮುಗಿಯುತ್ತಿತ್ತು. ಬೆಳಗಿನ ಹೊತ್ತು ಮಣ್ಣಿನ ಗುಂಡಿಗೆ ಹೋಗುತ್ತಿದ್ದೆ. ಮಳೆಗೆ ದಾರಿ ರಾಡಿಯಾಗಿ ಚಪ್ಪಲಿ ಹೂತುಕೊಂಡಿತು, ಅದನ್ನು ಕೀಳಲು ಬರಿಯ ಎಡಗಾಲನ್ನು ನೆಲಕ್ಕೆ ಊರಿದೆ. ಅಷ್ಟೇ. ಎಲ್ಲಿಂದಲೋ ಒಂದು ನೋವು ಬಂತು, ಆಯಿ! ಎಲ್ಲಿಂದ ಎಂದು ಕೇಳಿದರೆ ಹೇಳಲಾರೆ. ಅಂಗಾಲಿನಿಂದಲೋ, ಮೊಣಕಾಲಿನಿಂದಲೋ, ನೆತ್ತಿಯಿಂದಲೋ. ಹನ್ನೆರಡು ವರ್ಷ ಸುದ್ದಿಯಿಲ್ಲದೆ ಇದ್ದ ಮನೆಯಿಂದ ಯಾರೋ ಚೀರಿದಂತಾಯಿತು. ನಾನೂ ಚೀರಿದೆ. ಗುಂಡಿಯ ಹತ್ತಿರ ಇದ್ದವರು ಓಡಿ ಬಂದರು, ನನ್ನ ಮುಖ ನೋಡಿದರು, ಕಾಲು ನೋಡಲಿಲ್ಲ. ಚಿಕ್ಕ ಮಕ್ಕಳು ಹಾಗೆ ಚೀರಿದ್ದರೆ ಮೊದಲು ಅಂಗಾಲು ಎತ್ತಿ ನೋಡುತ್ತಿದ್ದರು, ಅವರದು ಜೀವ ಇರುವ ಕಾಲು. ನನ್ನಂಥವಳು ಚೀರಿದರೆ ಊರಿಗೆ ಹೊಳೆಯುವುದು ಒಂದೇ. ನನಗೂ ಅದೇ ಹೊಳೆಯಿತು.

ನನ್ನನ್ನು ತಂಪುಮನೆಗೆ ಹೊತ್ತೊಯ್ದರು. ಮರುಕಿಚ್ಚಿನವರನ್ನು ಇಡುವ ಜಾಗ ಅದು. ಅಲ್ಲಿ ಕಾಲಿನ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಹೊದಿಕೆ ಹಾಸುತ್ತಾರೆ, ಬಟ್ಟೆಯ ಎಳೆಯೂ ಚರ್ಮಕ್ಕೆ ತಾಗಬಾರದೆಂದು. ಕಾಲನ್ನು ಯಾರೂ ಮುಟ್ಟುವಂತಿಲ್ಲ, ಬುಟ್ಟಿ ಎತ್ತುವಂತಿಲ್ಲ. ಹಿಂದೆ ಮರುಕಿಚ್ಚಿನವರ ಕಾಲಿಗೆ ಎಣ್ಣೆ ತಿಕ್ಕಿ, ಕಾವು ಕೊಟ್ಟು, ಅವರು ಚೀರಿ ಚೀರಿ ಮೂರ್ಛೆ ಹೋಗುವಂತೆ ಮಾಡಿದ್ದರು. ಆ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಈ ಕಟ್ಟಳೆ ಬಂತು. ಒಳ್ಳೆಯ ಮನಸ್ಸಿನಿಂದಲೇ ಬಂದದ್ದು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಡಾಕ್ಟರು ಶಾಲ್ಮಲಾ ದಿನಾ ಬಂದು ನನ್ನ ಬೆರಳುಗಳನ್ನು ಪರೀಕ್ಷಿಸುತ್ತಿದ್ದರು. "ಕೈಗೆ ಇನ್ನೂ ಬಂದಿಲ್ರಿ ಅವ್ವಾರ, ಧೈರ್ಯ ತಗೋರಿ" ಎನ್ನುತ್ತಿದ್ದರು. ಧೈರ್ಯ ಎಲ್ಲಿಂದ ತಗೊಳ್ಳಲಿ? ಬೆಳಗಾದರೆ ಸಾಕು, ಸೆರಗಿನ ದಾರವೊಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ನೋಡುತ್ತಿದ್ದೆ. ದಾರ ತಿಳಿಯುತ್ತಿತ್ತು. ನಾಳೆಯೂ ತಿಳಿಯುತ್ತದೆಯೇ? ಕಾಲಿನ ನೋವು ಮಾತ್ರ ದಿನದಿಂದ ದಿನಕ್ಕೆ ಏರುತ್ತಿತ್ತು, ಟಕ್ ಟಕ್ ಎಂದು ಒಳಗೇ ಮಿಡಿಯುತ್ತಿತ್ತು. ನಾನು ಅಳುವವಳಲ್ಲ, ಆದರೆ ಅತ್ತೆ.

ಮಾಬೂಬಿ ಅಕ್ಕನಿಗೆ ಒಳಗೆ ಬರಲು ಅಪ್ಪಣೆಯಿತ್ತು, ಕಾಲು ನೋಡಲು ಇರಲಿಲ್ಲ. ಸಂಜೆಯಾದರೆ ಬಂದು ಬಾಗಿಲ ಹತ್ತಿರ ಕೂತು ತಸಬೀಹ್ ಮಣಿ ಎಣಿಸುತ್ತಿದ್ದಳು. ಚುರುಮುರಿ ತಂದರೂ ನಾನು ಮುಟ್ಟುತ್ತಿರಲಿಲ್ಲ. ಅವಳಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ, ಪಾಪ. ಅಷ್ಟು ವರ್ಷ ಆ ಹೊತ್ತಿಗೆ ಆ ಕೈಯಲ್ಲಿ ನನ್ನ ಕಾಲು ಇರುತ್ತಿತ್ತಲ್ಲ. ಒಂದು ಸಂಜೆ ಡಾಕ್ಟರು ನನ್ನ ಬೆರಳು ನೋಡಿ ಮುಗಿಸುವ ಹೊತ್ತಿಗೆ ಅಕ್ಕ ಎದ್ದು ಬಂದಳು.

"ಡಾಕ್ಟರಬಾಯಿ, ಒಂದ ಸಲ ನೋಡತೇನಿ. ಮುಟ್ಟಂಗಿಲ್ಲ. ಇಕಿ ಕಾಲ ನೋಡದ ನನಗ ಅನ್ನ ಸೇರವಲ್ದು. ಇಕಿ ಕೈಗೂ ಬಂತಂದ್ರ ನೀವು ಜೋಡಿ ಮುರೀತೀರಿ. ಆಮ್ಯಾಲೆ ನಾ ಇಕಿ ಕಾಲ ಎಲ್ಲಿ ನೋಡ್ಲಿ?"

ಡಾಕ್ಟರು ಕಟ್ಟಳೆ ಹೇಳಿದರು. ಅಕ್ಕ ಕೇಳಲಿಲ್ಲ. ನಾನೂ ಬೇಡ ಎಂದೆ. ಹೊದಿಕೆ ಎತ್ತಿದ ಗಾಳಿಗೇ ಪ್ರಾಣ ಹೋದೀತೆಂದು ಹೆದರಿದ್ದೆ. "ಸುಮ್ನ ಬೀಳ" ಎಂದು ನನ್ನನ್ನು ಗದರಿಸಿ, ದೀಪ ಹಿಡಿದು ನಿಂತಳು. ಡಾಕ್ಟರು ಒಂದು ಗಳಿಗೆ ಅವಳ ಮುಖ ನೋಡಿದರು, ತಾವೇ ಮುಂದೆ ಬಂದು ಬುಟ್ಟಿ ಮೆಲ್ಲಗೆ ಎತ್ತಿದರು. ನಾನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಗಾಳಿ ತಾಗಿತು, ಏನೂ ಆಗಲಿಲ್ಲ. ದೀಪ ಅಂಗಾಲಿನ ಹತ್ತಿರಕ್ಕೆ ಬಾಗಿದ್ದು ಮುಚ್ಚಿದ ಕಣ್ಣಿಗೂ ತಿಳಿಯಿತು. ಮುಗೀತು ನನ್ನ ಕಥೆ ಎಂದುಕೊಂಡೆ.

"ಯಾ ಅಲ್ಲಾ," ಎಂದಳು ಅಕ್ಕ. "ಡಾಕ್ಟರಬಾಯಿ, ಇದು ಮುಳ್ಳಲ್ಲೇನ್ರಿ?"

ಮುಳ್ಳು! ಬಳ್ಳಾರಿ ಜಾಲಿಯ ಮುಳ್ಳು. ನಿನ್ನ ಕಾಲದಿಂದ ಇಲ್ಲಿಯವರೆಗೆ ಊರು ಮುಳುಗಿತು, ಎದ್ದಿತು, ಋತುಗಳು ಹಾದಿ ತಪ್ಪಿದವು, ಆ ಜಾಲಿ ಮಾತ್ರ ಹಾಗೇ ಇದೆ. ಎಡಗಾಲ ಹೆಬ್ಬೆರಳಿನ ಕೆಳಗೆ ಪೂರಾ ಒಳಹೊಕ್ಕು ಮುರಿದು ಕೂತಿತ್ತು, ಸುತ್ತ ಕೆಂಪಾಗಿ ಕೀವು ಕಟ್ಟಿತ್ತು. ಅದು ನೋಯದೆ ಇರುತ್ತದೆಯೇ? ಯಾರಿಗಾದರೂ ನೋಯುತ್ತದೆ. ಬೂದಿಗಾಲಿಗೆ ನೋಯಬಾರದಿತ್ತು, ನೋಯುತ್ತಿತ್ತು, ಅಂದರೆ ಕಾಲಿಗೆ ಜೀವ ಮರಳಿತ್ತು. ಡಾಕ್ಟರು ಮೊದಲು ನಕ್ಕರು, ಆಮೇಲೆ ಮಂಚದ ಅಂಚಿಗೆ ಕೂತು ಮುಖ ಮುಚ್ಚಿಕೊಂಡರು. ಅವರ ತಾಯಿಗೂ ಮರುಕಿಚ್ಚು ಬಂದಿತ್ತು, ಅಲ್ಲೂ ಒಂದು ಮುಳ್ಳಿತ್ತೋ ಏನೋ, ಅವರ ಸಂಕಟ ಅವರಿಗೇ ಗೊತ್ತು. "ನಾವೆಲ್ಲಾರೂ ಸೇರಿ ನಿಮ್ಮನ್ನ ಮುಳ್ಳಿನ ಸಂಗಾಟ ಮಲಗಿಸಿಬಿಟ್ಟಿದ್ವಿ ನೋಡ್ರಿ ಅವ್ವಾರ" ಎಂದು ಸೂಜಿ ಕಾಯಿಸಿ ತಂದರು.

ತೆಗೆಯುವಾಗ ಎಂಥಾ ನೋವು ಅಂತೀಯಾ! ನಾನು ಬಾಯಿಗೆ ಬಂದಂತೆ ಬೈದೆ. ಡಾಕ್ಟರನ್ನು ಬೈದೆ, ಜಾಲಿಯನ್ನು ಬೈದೆ, ಅದನ್ನು ಹುಟ್ಟಿಸಿದ ದೇವರನ್ನೂ ಬಿಡಲಿಲ್ಲ. ಮಾಬೂಬಿ ಅಕ್ಕ ನನ್ನ ತಲೆ ಹಿಡಿದುಕೊಂಡು ಅಳುತ್ತಾ ನಗುತ್ತಾ, "ಬೈ ಯವ್ವಾ, ಇನ್ನಷ್ಟ ಬೈ, ಕೇಳಾಕ ಎಷ್ಟ ಚಂದ ಐತಿ" ಎನ್ನುತ್ತಿದ್ದಳು. ಹೊರಗೆ ನಿಂತಿದ್ದವರಿಗೆ ನನ್ನ ಬೈಗುಳ ಕೇಳಿ ಏನು ತಿಳಿಯಿತೋ, ಒಬ್ಬರು ಬಾಗಿಲಿಗೆ ಬಂದು ಕೇಳಿದರು. "ಮುಳ್ಳ ನಟ್ಟೈತಿ! ಬಂಗಾರಿಗೆ ಮುಳ್ಳ ನಟ್ಟೈತಿ!" ಎಂದು ಅಕ್ಕ ಕೂಗಿದಳು. ಮದುವೆಯ ಸುದ್ದಿಯೂ ನಮ್ಮೂರಲ್ಲಿ ಅಷ್ಟು ಬೇಗ ಹಬ್ಬಿದ್ದಿಲ್ಲ. ಮಂದಿ ಸಕ್ಕರೆ ಹಿಡಿದುಕೊಂಡು ಬಂದರು. ಮುಳ್ಳು ನಟ್ಟವಳ ಬಾಯಿಗೆ ಸಕ್ಕರೆ ಹಾಕಿದ್ದನ್ನು ನೀನು ಎಲ್ಲಾದರೂ ಕೇಳಿದ್ದೀಯಾ?

ಗಾಯ ಮಾಗಿದ ಮೇಲೆ ಡಾಕ್ಟರು ನನ್ನ ಕಣ್ಣು ಕಟ್ಟಿ ಹಕ್ಕಿಯ ಗರಿಯಿಂದ, ತಣ್ಣನೆಯ ಚಮಚದಿಂದ ಕಾಲು ಮುಟ್ಟಿ ನೋಡಿದರು. ಎಡಗಾಲಿನ ಮುಂಭಾಗದಲ್ಲಿ ಅಂಗೈಯಗಲ ಜೀವ ಬಂದಿದೆ. ಬಲಗಾಲಿನಲ್ಲಿ ಬೆರಳ ಸಂದಿ ಮಾತ್ರ. ನರ ಬಹಳ ನಿಧಾನವಾಗಿ ಬೆಳೆಯುತ್ತದಂತೆ, ಯಾರಿಗೂ ಹೇಳದೆ ಬೆಳೆಯುತ್ತದಂತೆ. ಪೂರ್ತಿ ಬರುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಿಮ್ಮಡಿ ಇನ್ನೂ ಸತ್ತೇ ಇದೆ, ಕೆಲವು ದಿನ ಬೆರಳಲ್ಲಿ ಇರುವೆ ಹರಿದಂತಾಗಿ ಮೈಯೆಲ್ಲ ರೇಗುತ್ತದೆ. ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡುವುದಿಲ್ಲ. ಆದರೆ ಕೈ ಉಳಿಯಿತು ಆಯಿ, ಎರಡೂ ಉಳಿದವು. ಈ ಓಲೆ ಬರೆಯುತ್ತಿರುವುದೂ ಅದೇ ಕೈ. ಬೆಳಿಗ್ಗೆ ಅಂಗಳದ ತಂಪು ಎಡಗಾಲಿಗೆ ತಾಗಿದರೆ ನಾನು ಸುಮ್ಮನೆ ನಿಂತುಬಿಡುತ್ತೇನೆ, ಒಳಗಿನಿಂದ ನಮ್ಮ ಯಜಮಾನರು ಚಹಾ ಆರಿತು ಎಂದು ಕೂಗುತ್ತಲೇ ಇರುತ್ತಾರೆ.

ಕಾಲು ಬಂದವರಿಗೆ ಜೋಡಿ ಬೇಕಿಲ್ಲ ಎಂದೂ ನಮ್ಮಲ್ಲಿ ಒಂದು ಮಾತಿದೆ. ತಂಪುಮನೆಯಿಂದ ಬಿಡುಗಡೆಯಾದ ಮೇಲಿನ ಸಂಜೆ ಮಾಬೂಬಿ ಅಕ್ಕ ಬರಲಿಲ್ಲ. ನಾನೇ ಕುಂಟುತ್ತಾ ಅವಳ ಓಣಿಗೆ ಹೋದೆ. ಭಟ್ಟಿ ಆರಿಸಿ, ಗೋಡೆಗೆ ಒರಗಿ ಕೂತಿದ್ದಳು. "ನಿನ್ನ ಕಾಲ ಬಂದಾವಲ್ಲ, ಇನ್ನ ನನ್ನ ಹಂಗು ಯಾಕ ನಿನಗ?" ಎಂದಳು, ನನ್ನ ಕಡೆ ನೋಡದೆ. ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಹಿಮ್ಮಡ ಯಾರು ನೋಡಬೇಕು, ನಿನ್ನ ಕಾಲ ಯಾರು ನೋಡಬೇಕು? ಸರಿ ಆಕಡೆ" ಎಂದು ಎದುರಿಗೆ ಕೂತು ಕಾಲು ಚಾಚಿದೆ. ಅವಳೂ ಚಾಚಿದಳು. ಇಬ್ಬರೂ ಒಂದೇ ಸಲ ತೆಗೆದುಕೊಂಡೆವು. ಅವಳು ಎಂದಿನಂತೆ ಹೆಬ್ಬೆರಳಿನಿಂದ ನನ್ನ ಎಡ ಅಂಗಾಲನ್ನು ಒತ್ತುತ್ತಾ ಹೋದಳು.

ಆ ಕೈ ಒರಟು, ಆಯಿ. ಮರಳಿನಷ್ಟು ಒರಟು, ಒಲೆಯ ಪಕ್ಕದ ಕಲ್ಲಿನಷ್ಟು ಬೆಚ್ಚಗೆ. ಅಷ್ಟು ವರ್ಷ ದಿನಾ ಸಂಜೆ ನನ್ನ ಕಾಲು ಹಿಡಿದ ಕೈ, ಅದು ಹೇಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣಲ್ಲಿ ನೀರು ತಡೆಯಲಾಗಲಿಲ್ಲ. ಅವಳು ಗಾಬರಿಯಾಗಿ ಕೈ ಹಿಂದೆ ತೆಗೆದಳು: "ನೋಯ್ತೇನ?"

"ಇಲ್ಲ," ಎಂದೆ. "ತಗೀಬ್ಯಾಡ."

ನಿನ್ನ ಓಣಿಯಲ್ಲೂ ಇಂಥವಳೊಬ್ಬಳು ಇದ್ದೇ ಇರುತ್ತಾಳೆ. ಬಿಸಿಯೂಟದ ಒಲೆಯ ಮುಂದೆ ನಿನ್ನ ಜೊತೆ ಪಲ್ಯ ಹೆಚ್ಚುವವಳೋ, ನೀರಿನ ಸರತಿಯಲ್ಲಿ ನಿನ್ನ ಹಿಂದೆ ನಿಲ್ಲುವವಳೋ. ಅವಳನ್ನು ಒಳಗೆ ಕರೆ. ಕುಪ್ಪಸ ಸರಿಸಿ ನಿನ್ನ ಎಡಪಕ್ಕೆ ತೋರಿಸು. "ಮುಟ್ಟಬ್ಯಾಡ, ಬರೇ ನೋಡು" ಅನ್ನು.

ನಿನ್ನ,
ಬಂಗಾರೆವ್ವ